ಊಟದ ಡಬ್ಬಿಗಳ ಪ್ರತ್ಯೇಕವಾಸ ಮತ್ತು ಬಿಡುಗಡೆಯ ಕುರಿತು

ಸಮುದಾಯ ವೈದ್ಯಕೀಯ ವಿಭಾಗ, ಚಿಕ್ಕೋಡಿ
(ಮಹಾವಿದ್ಯಾಲಯದ ಹೆಸರು ಮೊಹರಿನಲ್ಲಿ ಮೂಡಿಲ್ಲ)

ಸಂಖ್ಯೆ: ಸವೈವಿ/ಹಂದಿಜ್ವರ/ಡಬ್ಬಿ/4/2009-10
ದಿನಾಂಕ: 02-09-2009

ಸುತ್ತೋಲೆ

ವಿಷಯ: ಬಸ್ಸಿನಲ್ಲಿ ಬರುವ ಊಟದ ಡಬ್ಬಿಗಳ ಬಗ್ಗೆ ವೈದ್ಯಕೀಯ ವಿದ್ಯಾರ್ಥಿಗಳಿಗಿರುವ ಹೆದರಿಕೆ ಹಾಗೂ ಜ್ವರದ ರೋಗಿಗಳ ಬಗ್ಗೆ ಇರುವ ಇನ್ನೂ ದೊಡ್ಡ ಹೆದರಿಕೆಯನ್ನು ಕ್ರಮಬದ್ಧಗೊಳಿಸುವ ಬಗ್ಗೆ.

ಉಲ್ಲೇಖ:
(1) ವಿದ್ಯಾರ್ಥಿಗಳ ಸಾಮೂಹಿಕ ಮನವಿ.
(2) ಡಬ್ಬಿಗಳನ್ನು ಏಳು ದಿನ ಪ್ರತ್ಯೇಕವಾಗಿ ಇಡುವಂತೆ ಇದೇ ವಿಭಾಗ ಹೊರಡಿಸಿದ ಆದೇಶ.
(3) ಬೋರಗಾಂವದ ಶ್ರೀಮತಿ ಸೀತವ್ವ ಇವರು ವಿಭಾಗದ ಬಾಗಿಲಲ್ಲಿ ನಿಂತು ಆಡಿದ ಮಾತುಗಳು (ಬರಹದಲ್ಲಿಲ್ಲ, ಎರಡನೆಯ ಮಹಡಿಯವರೂ ಕೇಳಿಸಿಕೊಂಡಿರುತ್ತಾರೆ).

ಪ್ರಸ್ತಾವನೆ:

ಬೋರಗಾಂವ, ಕಾಗವಾಡ, ಕೊಕಟನೂರ ಮುಂತಾದ ಊರುಗಳ ತಾಯಂದಿರು ಬೆಳಗಿನ ಬಸ್ಸಿನ ಕಂಡಕ್ಟರರ ಕೈಗೆ ಊಟದ ಡಬ್ಬಿ ಕೊಡುವುದು, ಅದನ್ನು ಮಕ್ಕಳು ಚಿಕ್ಕೋಡಿ ನಿಲ್ದಾಣದಲ್ಲಿ ಇಳಿಸಿಕೊಳ್ಳುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿಯಾಗಿದೆ. ಇದಕ್ಕೆ ಯಾವ ಇಲಾಖೆಯೂ ಅನುಮತಿ ಕೊಟ್ಟಿರುವುದಿಲ್ಲ. ಯಾರೂ ಕೇಳಿರುವುದೂ ಇಲ್ಲ.

ಪುಣೆಯಲ್ಲಿ ಹಂದಿಜ್ವರ ಹಬ್ಬಿದ ಸುದ್ದಿ ಟಿವಿಯಲ್ಲಿ ಬಂದ ಮೇಲೆ, ಮಹಾರಾಷ್ಟ್ರದಿಂದ ಹೊರಟ ಬಸ್ಸುಗಳಲ್ಲಿ ಬರುವ ಡಬ್ಬಿಗಳಿಂದ ತಮ್ಮ ಜೀವಕ್ಕೆ ಅಪಾಯವಿದೆ ಎಂದು ವಿದ್ಯಾರ್ಥಿಗಳು ಉಲ್ಲೇಖ (1)ರಲ್ಲಿ ತಿಳಿಸಿದರು. ಬೋರಗಾಂವದ ಡಬ್ಬಿ ಕರ್ನಾಟಕದಲ್ಲಿಯೇ ಬಸ್ಸು ಹತ್ತಿದರೂ, ಬಸ್ಸು ಮಹಾರಾಷ್ಟ್ರದ ಇಚಲಕರಂಜಿಯಿಂದ ಹೊರಟಿರುವುದರಿಂದ ಡಬ್ಬಿಗೂ ಪುಣೆಯ ಗಾಳಿ ಸೋಕಿದೆ ಎಂಬುದು ಅವರ ವಾದವಾಗಿತ್ತು. ಆ ವಾರ ವಿಭಾಗವೂ ಹೆದರಿಕೊಂಡಿದ್ದರಿಂದ ಸದರಿ ವಾದವನ್ನು ಅದೇ ಮಧ್ಯಾಹ್ನ ಒಪ್ಪಿ, ಡಬ್ಬಿಗಳನ್ನು ನಿಗಾ ಕೊಠಡಿಯಲ್ಲಿ ಇಡಲು ಆದೇಶಿಸಲಾಯಿತು. ಜೊತೆಗೇ ಆಸ್ಪತ್ರೆಯಲ್ಲಿ ಜ್ವರದ ಕೌಂಟರ್ ತೆರೆದು, ಎರಡೂ ಕೆಲಸಗಳಿಗೆ ವಿದ್ಯಾರ್ಥಿಗಳಿಂದ ಅರ್ಜಿ ಕರೆಯಲಾಯಿತು.

ಡಬ್ಬಿಗಳ ನಿಗಾ ಕೆಲಸಕ್ಕೆ ಬಹುತೇಕ ಇಡೀ ತರಗತಿ ಅರ್ಜಿ ಹಾಕಿತು. ಜ್ವರದ ಕೌಂಟರಿಗೆ ಸೀತವ್ವ ಇವರ ಮಗ ಕುನಾಲ ಎಂಬ ವಿದ್ಯಾರ್ಥಿಯೊಬ್ಬರೇ ಹೋದರು.

ಗಮನಕ್ಕೆ ಬಂದ ಅಂಶಗಳು:

ಕೌಂಟರಿಗೆ ಬರಲಾಗದವರು ಲಿಖಿತ ಕಾರಣ ಕೊಟ್ಟಿರುತ್ತಾರೆ. ಹೆಚ್ಚಿನವರು ತಾವು ಮನೆಗೆ ಒಬ್ಬನೇ ಮಗ ಎಂದು ಬರೆದಿದ್ದು, ಹಾಗೆ ಬರೆದವರಲ್ಲಿ ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿದ್ದಾರೆ. ಒಬ್ಬರು ತಮಗೆ ಕೆಮ್ಮಿನ ಸಪ್ಪಳ ಕೇಳಿದರೆ ಓದಿದ್ದೆಲ್ಲ ಮರೆತುಹೋಗುತ್ತದೆ ಎಂದಿದ್ದಾರೆ. ಮಲಗುವಾಗಲೂ ಮಾಸ್ಕ್ ತೆಗೆಯದ ಇದೇ ವಿದ್ಯಾರ್ಥಿಗಳು ನಿಗಾ ಕೊಠಡಿಯಲ್ಲಿ ಮಾತ್ರ ಅದನ್ನು ಗದ್ದಕ್ಕೆ ಇಳಿಸಿಕೊಂಡು, ಒಂದೇ ಡಬ್ಬಿಗೆ ಆರು ಕೈ ಹಾಕಿರುವುದು ಕಂಡುಬಂದಿದೆ.

ನಿಗಾ ಮುಖ್ಯಸ್ಥರಾದ ವಿದ್ಯಾರ್ಥಿ ನಿತಿನ ಇವರು ಸಲ್ಲಿಸಿದ ವರದಿಯ ಸಾರಾಂಶ ಹೀಗಿದೆ: "ಝುಣಕದ ವಡಿ: ಸೋಂಕು ಇಲ್ಲ. ಶೇಂಗಾ ಹೋಳಿಗೆ: ಸೋಂಕು ಇಲ್ಲ, ಮಾದರಿಯೂ ಉಳಿದಿಲ್ಲ. ಬದನೆಕಾಯಿ ಎಣ್ಣೆಗಾಯಿ: ಖಚಿತವಾಗಲು ಇನ್ನೊಂದು ಡಬ್ಬಿ ಬೇಕು." ಈ ಬಗ್ಗೆ ವಿವರಣೆ ಕೇಳಲಾಗಿ ಅವರು, "ಸರ್, ವಾಸನಿ ಬಂದ್ರ ತಡಕೊಳ್ಳಾಕ ಆಗೂದಿಲ್ರಿ. ರೋಗದ್ದಲ್ರಿ, ಬದನಿಕಾಯಿದು" ಎಂದು ಹೇಳಿಕೆ ನೀಡಿರುತ್ತಾರೆ. ಪರಿಶೀಲನೆಗೆಂದು ವಿಭಾಗಾಧಿಕಾರಿಗಳ ಕೋಣೆಗೆ ಹೋದ ಎರಡು ಹೋಳಿಗೆಗಳ ವಿಷಯ ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲ.

ಜೈನ ವಿದ್ಯಾರ್ಥಿನಿ ಜಿನಮತಿ ಇವರು ಹೊತ್ತು ಮುಳುಗಿದ ಮೇಲೆ ಊಟ ಮಾಡದಿರುವುದರಿಂದ ಅವರ ಡಬ್ಬಿಯನ್ನು ಮಾತ್ರ ಅದೇ ದಿನ ಸಂಜೆಯೊಳಗೆ ಬಿಡುಗಡೆ ಮಾಡಲು ರಿಯಾಯಿತಿ ನೀಡಲಾಗಿತ್ತು. ರಿಯಾಯಿತಿ ಪ್ರಕಟವಾದ ಕೂಡಲೇ ಅನೇಕ ವಿದ್ಯಾರ್ಥಿಗಳು ತಾವೂ ಅದೇ ವ್ರತದವರೆಂದು ಬರೆದುಕೊಟ್ಟಿದ್ದು, ಅವರಲ್ಲಿ ಕೆಲವರನ್ನು ಹೊತ್ತು ಮುಳುಗಿದ ಮೇಲೆ ಬಸ್ ನಿಲ್ದಾಣದ ಆಮ್ಲೆಟ್ ಗಾಡಿಯ ಮುಂದೆ ವಿಭಾಗಾಧಿಕಾರಿಗಳು ಖುದ್ದಾಗಿ ಭೇಟಿಯಾಗಿರುತ್ತಾರೆ.

ಇಷ್ಟರಲ್ಲಿ ಕುನಾಲ ಇವರು ದಿನವಿಡೀ ಜ್ವರದವರನ್ನು ನೋಡುತ್ತ, ಬಿಸ್ಕೀಟು ಮತ್ತು ಚಹಾದ ಮೇಲೆ ಕಾಲ ಕಳೆದಿರುತ್ತಾರೆ. ಅವರನ್ನು ಬಿಡಿಸಲು ಯಾರೂ ಬಂದಿರುವುದಿಲ್ಲ. ಅವರ ಡಬ್ಬಿ ಪ್ರತಿದಿನ ಬಂದು, ನಿಗಾ ಕೊಠಡಿಯಲ್ಲಿ ಖಾಲಿಯಾಗಿದೆ. ಇದರಿಂದ ವಿಭಾಗಕ್ಕೆ ನಾಚಿಕೆಯಾಗಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

ಮಗ ಫೋನಿನಲ್ಲಿ ರುಚಿಯ ಬಗ್ಗೆ ಏನೂ ಹೇಳುತ್ತಿಲ್ಲವೆಂದು ಸಂಶಯ ಬಂದು ಸೀತವ್ವ ಇವರು ಸೋಮವಾರ ತಾವೇ ಡಬ್ಬಿ ಹಿಡಿದು ಬಸ್ಸು ಹತ್ತಿ ಬಂದು, ನಿಗಾ ಕೊಠಡಿಯೊಳಗೆ ಇಣುಕಿ ನೋಡಿ, ವಿಭಾಗದ ಬಾಗಿಲಲ್ಲಿ ನಿಂತು ಕೆಳಕಂಡಂತೆ ವಿಚಾರಿಸಿದರು:

"ಸಾಹೇಬ್ರ, ಡಬ್ಬಿ ಹಿಡದ ಇಟ್ಕೊಳ್ಳಾಕ ಅದೇನ ಕಳತನಾ ಮಾಡೇತೇನ್ರಿ? ಜಡ್ಡ ಬಂದವರ ಹಂತ್ಯಾಕ ನನ್ನ ಮಗಾ ಒಬ್ಬನ ಕುಂತಾನ, ಅವಂಗ ಊಟಾ ಇಲ್ಲ. ಊಟಾ ಮಾಡಿದವ್ರೆಲ್ಲಾ ಖೋಲ್ಯಾಗ ಕುಂತಾರ!"

ತರುವಾಯ ಅವರು ಮೂಗಿಗೆ ಸೆರಗು ಹಿಡಿದುಕೊಂಡು ನೇರವಾಗಿ ಜ್ವರದ ಕೌಂಟರಿಗೆ ನಡೆದರು. ತಮಗೆ ಹೆದರಿಕೆ ಇಲ್ಲವೇ ಎಂದು ಕಾವಲುಗಾರರು ತಡೆದು ಕೇಳಲಾಗಿ, "ಹೆದರಿಕಿ ಐತ್ರಿ. ಆದ್ರ ಮಗಾ ಹಸದಾನ" ಎಂದು ಹೇಳಿ ಒಳಗೆ ಹೋದರು. ಈ ಮಾತಿಗೆ ಈ ಸುತ್ತೋಲೆಯನ್ನೇ ಉತ್ತರವೆಂದು ಪರಿಗಣಿಸತಕ್ಕದ್ದು.

ಆದೇಶ:

1. ಉಲ್ಲೇಖ (2)ರ ಆದೇಶವನ್ನು ಹಿಂಪಡೆಯಲಾಗಿದೆ. ನಿಗಾದಲ್ಲಿರುವ ಡಬ್ಬಿಗಳನ್ನು ಬಿಡುಗಡೆ ಮಾಡತಕ್ಕದ್ದು. ಒಳಗಿದ್ದ ಊಟ ಈಗಾಗಲೇ ಬಿಡುಗಡೆಯಾಗಿದೆ.

2. ಇನ್ನು ಮುಂದೆ ಯಾವ ಬಸ್ಸಿನಲ್ಲಿ ಬಂದ ಡಬ್ಬಿಯಾದರೂ ಜ್ವರದ ಕೌಂಟರಿನ ಹಿಂದಿನ ಕಪಾಟಿಗೇ ಹೋಗತಕ್ಕದ್ದು. ಆ ದಿನ ಕೌಂಟರಿನಲ್ಲಿ ಪಾಳಿ ಮಾಡಿ, ಕೈ ತೊಳೆದುಕೊಂಡು ಬಂದವರಿಗೆ ಮಾತ್ರ ಅವರವರ ಡಬ್ಬಿಯನ್ನು ವರಾಂಡದಲ್ಲಿ ಕೊಡಲಾಗುವುದು. ಹಸಿವಿನಿಂದ ತಲೆ ತಿರುಗುತ್ತಿದೆ ಎಂದು ಹಾಸ್ಟೆಲಿನಿಂದ ಚೀಟಿ ಕಳಿಸಿದಲ್ಲಿ, ಆ ತಲೆಯನ್ನು ಪರೀಕ್ಷೆಗಾಗಿ ಕೌಂಟರಿಗೆ ತರತಕ್ಕದ್ದು.

3. ಉಣ್ಣುವ ಸೌಕರ್ಯಕ್ಕಾಗಿ ಮಾಸ್ಕಿಗೆ ತೂತು ಮಾಡುವ ಪ್ರಯೋಗವನ್ನು ನಿಷೇಧಿಸಲಾಗಿದೆ.

4. ಹೆದರಿಕೆಯನ್ನು ನಿಷೇಧಿಸಿರುವುದಿಲ್ಲ. ಆದರೆ ಅದನ್ನು ಕೌಂಟರಿನ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ, ಸಾಲಾಗಿ ಬಿಟ್ಟು ಒಳಬರತಕ್ಕದ್ದು. ಹೋಗುವಾಗ ತಮ್ಮದನ್ನೇ ತೆಗೆದುಕೊಂಡು ಹೋಗತಕ್ಕದ್ದು. ಅವಸರದಲ್ಲಿ ಬೇರೆಯವರ ದೊಡ್ಡ ಹೆದರಿಕೆ ಹೊತ್ತೊಯ್ದಲ್ಲಿ ವಿಭಾಗ ಹೊಣೆಯಲ್ಲ.

5. ಮೇಲೆ ಹೇಳಿದ ಅಣ್ಣತಮ್ಮಂದಿರು ತಮ್ಮಲ್ಲಿ ಒಬ್ಬನೇ ಮಗ ಯಾರೆಂಬುದನ್ನು ಇಂದು ಸಂಜೆಯೊಳಗೆ ತೀರ್ಮಾನಿಸಿ, ಇನ್ನೊಬ್ಬರನ್ನು ಕೌಂಟರಿಗೆ ಕಳಿಸತಕ್ಕದ್ದು. ತೀರ್ಮಾನವಾಗದಿದ್ದಲ್ಲಿ ಇಬ್ಬರೂ ಬರತಕ್ಕದ್ದು.

6. ಖಾರದ ಡಬ್ಬಿ ತೆರೆದಾಗ ಬರುವ ಸೀನನ್ನು ಹಂದಿಜ್ವರದ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಬೇರೆಯವರ ಡಬ್ಬಿ ತೆರೆದಾಗ ಬಂದರೆ ಹಿಡಿಯಲಾಗುವುದು.

7. ನಿನ್ನೆ ಈ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಜಾರಿಗೆ ತರಲಾಗಿ, ಇಡೀ ತರಗತಿ ಹೊತ್ತಿಗೆ ಮುಂಚೆಯೇ ಕೌಂಟರಿನಲ್ಲಿ ಹಾಜರಿದ್ದು, ರೋಗಿಗಳಿಗೆ ನಿಲ್ಲಲು ಜಾಗವಿರಲಿಲ್ಲ. ಬರೀ ನೆಗಡಿಯಾಗಿದ್ದ ಒಬ್ಬರನ್ನು ಹನ್ನೊಂದು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಪರೀಕ್ಷಿಸಿದ್ದರಿಂದ, ತಮಗೇನೋ ದೊಡ್ಡ ರೋಗವೇ ಬಂದಿದೆಯೆಂದು ಅವರು ಗಾಬರಿಯಾಗಿ ಚಪ್ಪಲಿ ಬಿಟ್ಟು ಓಡಿರುತ್ತಾರೆ. ಚಪ್ಪಲಿಗಳು ವಿಭಾಗದಲ್ಲಿವೆ. ಇನ್ನು ಮುಂದೆ ಒಬ್ಬ ರೋಗಿಗೆ ಒಬ್ಬರೇ ವಿದ್ಯಾರ್ಥಿ ಸಾಕು.

8. ಕುನಾಲ ಇವರನ್ನು ಇಂದಿನಿಂದ ಕೌಂಟರ್ ಕೆಲಸದಿಂದ ಬಿಡುಗಡೆ ಮಾಡಲಾಗಿದೆ. ಅವರು ಹೊಟ್ಟೆ ತುಂಬ ಉಂಡು ಮಲಗತಕ್ಕದ್ದು. ಅವರು ಉಂಡೇಳುವವರೆಗೆ ಉಳಿದ ಯಾರೂ ಅವರ ಡಬ್ಬಿಯ ಕಡೆ ನೋಡತಕ್ಕದ್ದಲ್ಲ. ಈ ಷರತ್ತು ವಿಭಾಗಾಧಿಕಾರಿಗಳಿಗೂ ಅನ್ವಯಿಸುತ್ತದೆ.

ಸಹಿ/-
ವಿಭಾಗಾಧಿಕಾರಿಗಳು
(ಊಟದ ನಂತರ ಸಹಿ ಮಾಡಲಾಗಿದೆ)

ಪ್ರತಿಗಳು:
1. ಎಲ್ಲ ವಿದ್ಯಾರ್ಥಿಗಳಿಗೆ, ಹಾಸ್ಟೆಲಿನ ಊಟದ ಕೋಣೆಯ ಬಾಗಿಲಿಗೆ ಅಂಟಿಸುವ ಮೂಲಕ.
2. ಬಸ್ ನಿಲ್ದಾಣದ ನಿಯಂತ್ರಕರಿಗೆ, ಮೊಸರಿನ ಡಬ್ಬಿಯನ್ನು ಎಂಜಿನ್ನಿನ ಮೇಲೆ ಇಡದಂತೆ ಕೋರಿ.
3. ನಿತಿನ ಇವರಿಗೆ, ಮಾಹಿತಿಗಾಗಿ ಹಾಗೂ ಎಲ್ಲ ಡಬ್ಬಿಗಳನ್ನು ತಿಕ್ಕಿ ತೊಳೆಯುವ ಸಲುವಾಗಿ.
4. ಆಮ್ಲೆಟ್ ಗಾಡಿಯವರಿಗೆ, ವ್ರತದವರ ಪಟ್ಟಿಯೊಂದಿಗೆ.
5. ಪುಣೆಗೆ: ಕಳಿಸಿಲ್ಲ. ಹೆದರಿಕೆ.
6. ಶ್ರೀಮತಿ ಸೀತವ್ವ, ಬೋರಗಾಂವ ಇವರಿಗೆ, ನಾಳೆಯ ಮೊದಲ ಬಸ್ಸಿಗೆ, ಅವರ ಡಬ್ಬಿಯಲ್ಲಿಯೇ ಇಟ್ಟು. ಡಬ್ಬಿಯನ್ನು ಬರಿದಾಗಿ ಮರಳಿಸುವ ರೂಢಿ ಇಲ್ಲವಾದ್ದರಿಂದ, ಸುತ್ತೋಲೆಯ ಮೇಲೆ ಒಂದು ಹಿಡಿ ಸಕ್ಕರೆ ಹಾಕಲಾಗಿದೆ.