ಜಾವಳಕ್ಕೆ ಐದನೂರಾ ಒಂದು ಕ್ಲಿಕ್ಕು

"ಇನ್ನ ಮುಂದ ಈ ಮನ್ಯಾಗ ಯಾರೂ ನಸುಕಿನ್ಯಾಗ ಏಳೂದ ಬ್ಯಾಡ!"

ಎರಡು ಸಾವಿರದ ಒಂಬತ್ತರ ಜೂನ್ ತಿಂಗಳ ಒಂದು ಭಾನುವಾರ, ಬೇಡಕಿಹಾಳದ ಜ್ಞಾನದೇವ ತನ್ನ ಮನೆಯ ಪಡಸಾಲೆಯಲ್ಲಿ ನಿಂತು ಹೀಗೆ ಸಾರಿದ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಗುಮಾಸ್ತಿಕೆ ಮಾಡಿ, ದನಿ ಎತ್ತುವ ಅಭ್ಯಾಸವೇ ತಪ್ಪಿಹೋಗಿದ್ದ ಈ ಮಹಾಶಯನ ಗಂಟಲಿಗೆ ಇಷ್ಟು ಶಕ್ತಿ ಇದೆಯೆಂದು ಹೆಂಡತಿ ಸುಗಂಧಾಳಿಗೂ ಅಂದೇ ಗೊತ್ತಾದದ್ದು. ಅವಳು ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು.

"ಹಂಗಾರ ಡೇರಿಗೆ ಹಾಲ ಯಾರ ಹಾಕತಾರ್ರಿ?"

"ಹಾಲ ಹಾಕೂದೂ ಬ್ಯಾಡ. ಚಂದ್ರೀನ ಮಾರೂದೈತಿ."

ಕ್ಯಾನು ಕೈಯಿಂದ ಜಾರಿ ಅಂಗಳದ ತನಕ ಉರುಳಿತು. ಚಂದ್ರಿ ಅವರ ಮನೆಯ ಎಮ್ಮೆ. ಸುಗಂಧಾ ಮದುವೆಯಾಗಿ ಬರುವಾಗ ತವರಿನಿಂದ ಕರುವಾಗಿ ಹಿಂದೆ ಬಂದದ್ದು. ಅದನ್ನು ಅವಳು ಒಂದು ದಿನವೂ ಎಮ್ಮೆ ಎಂದು ಕರೆದವಳಲ್ಲ.

ಜ್ಞಾನದೇವ ಕೆಟ್ಟವನಲ್ಲ. ಎಂಟು ವರ್ಷದಿಂದ ಹೆಂಡತಿ ನಸುಕಿನಲ್ಲಿ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹಾಲು ಹಿಂಡಿ, ಡೇರಿಗೆ ಹಾಕಿ ಬರುವುದನ್ನು ಅವನು ನೋಡಿದ್ದ. ಹೊದ್ದ ಕೌದಿಯೊಳಗಿಂದಲೇ ಆದರೂ ನೋಡಿದ್ದ! ಚಳಿಗಾಲದಲ್ಲಿ ಅವಳ ಅಂಗೈ ಸೀಳುವುದನ್ನು ಕಂಡರೆ ಅವನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ತಾನೂ ಒಂದು ದಿನ ಎದ್ದು ಸಗಣಿ ಬಾಚಬಹುದೆಂಬ ಸುಲಭದ ಉಪಾಯ ಮಾತ್ರ ಹೊಳೆದಿರಲಿಲ್ಲ. ಅದು ಹೊಳೆಯುವ ಮೊದಲೇ ನಿಪ್ಪಾಣಿಯಲ್ಲಿ ಸೈಬರ್ ಕೆಫೆ ನಡೆಸುವ ಸುರಜ ಸಿಕ್ಕು, ಅದಕ್ಕಿಂತ ಕಠಿಣವಾದದ್ದನ್ನು ಹೇಳಿಕೊಟ್ಟ.

"ಕೇಳಿಲ್ಲಿ, ಸುಗಂಧಾ. ಇಂಟರ್ನೆಟ್ಟಿನ್ಯಾಗ ಒಂದ ಹೆಸರ ಖರೀದಿ ಮಾಡೂದು. ವರ್ಷಕ್ಕ ಐದನೂರ ರೂಪಾಯಿ. ಖಾಲಿ ಜಾಗಾ ಇದ್ದಂಗ ಸುಮ್ಕ ಬಿಡೂದು. ಏನೂ ಕಟ್ಟೂದಿಲ್ಲ, ಏನೂ ಬರಿಯೂದಿಲ್ಲ. ಕಂಪನಿಯವರ ತಾವಾಗೇ ಬಂದು ಅಲ್ಲಿ ಜಾಹೀರಾತ ಹಚ್ಚತಾರ. ಯಾರರ ದಾರಿ ತಪ್ಪಿ ಆ ಹೆಸರಿಗೆ ಬಂದು ಜಾಹೀರಾತಿನ ಮ್ಯಾಲ ಒತ್ತಿದ್ರ ನಮಗ ಡಾಲರ್!"

"ದಾರಿ ತಪ್ಪಿದವರ ಮ್ಯಾಲ ನಾವ ಸಂಸಾರ ಮಾಡೂದಾ?"

"ಜಗತ್ತಿನ್ಯಾಗ ದಾರಿ ತಪ್ಪಿದವರ ಏನ ಕಡಿಮಿ ಅದಾರೇನ!"

ಈ ಮಾತಿಗೆ ಮಾತ್ರ ಸುಗಂಧಾ ಎದುರಾಡಲಿಲ್ಲ. ಗಂಡನನ್ನೊಮ್ಮೆ ನೋಡಿ, ಅದು ಖರೆ ಎಂದಳು.

ಎರಡು ದಿನ ಒಲೆ ಸಿಟ್ಟಿನಲ್ಲೇ ಉರಿಯಿತು. ಮೂರನೆಯ ದಿನ ಒಪ್ಪಂದವಾಯಿತು. ಚಂದ್ರಿಯನ್ನು ಹೊರಗಿನವರಿಗೆ ಕೊಡತಕ್ಕದ್ದಲ್ಲ. ಕಬ್ಬೂರಿನಲ್ಲಿ ಕುರಿ-ಎಮ್ಮೆ ಸಾಕಿಕೊಂಡಿದ್ದ ಸುಗಂಧಾಳ ತಮ್ಮ ಜಕ್ಕಪ್ಪನೇ ಹದಿನೈದು ಸಾವಿರಕ್ಕೆ ಕೊಳ್ಳಬೇಕು. ದೀಪಾವಳಿ ಪಾಡ್ಯದ ತನಕ ಅದನ್ನು ಮಾರದೆ ಇಟ್ಟುಕೊಳ್ಳಬೇಕು. ಅಷ್ಟರಲ್ಲಿ ಜ್ಞಾನದೇವ ಅಷ್ಟೇ ಹಣ ಗಳಿಸಿ ತಂದರೆ ಚಂದ್ರಿ ವಾಪಸು. ಇಲ್ಲದಿದ್ದರೆ, ಆಗಲೇ ಕಣ್ಣಿಟ್ಟಿದ್ದ ಅಥಣಿಯ ಒಬ್ಬ ದಲಾಲಿಯ ಪಾಲು.

"ಪಾಡ್ಯಾದ ದಿನಾ ನೀ ನನಗ ಆರತಿ ಮಾಡತಿ ನೋಡು, ಆವಾಗ ತಟ್ಟ್ಯಾಗ ಚಂದ್ರಿ ಹಗ್ಗಾನೂ ಹಾಕತೀನಿ, ಇನ್ನೊಂದ ಎಮ್ಮೀದೂ ಹಾಕತೀನಿ!" ಎಂದ ಜ್ಞಾನದೇವ.

ಚಂದ್ರಿ ಟೆಂಪೋ ಹತ್ತುವಾಗ ಸುಗಂಧಾ ಹಿತ್ತಲ ಬಾಗಿಲು ಹಾಕಿಕೊಂಡು ಒಳಗೇ ಇದ್ದಳು.

ಹದಿನೈದು ಸಾವಿರಕ್ಕೆ ಮೂವತ್ತು ಹೆಸರು ಬಂದವು. ಸುರಜನ ಕಾರ್ಡು, ಜ್ಞಾನದೇವನ ಬುದ್ಧಿ! ನಿಪ್ಪಾಣಿಬೀಡಿ ಡಾಟ್ ಕಾಮ್, ಅಥಣಿಚಪ್ಪಲಿ ಡಾಟ್ ಕಾಮ್, ರಾಯಬಾಗಬೆಲ್ಲ ಡಾಟ್ ಕಾಮ್, ಕಾಗವಾಡಕಬ್ಬು ಡಾಟ್ ಕಾಮ್... ನಾಲ್ಕು ತಾಲೂಕಿನ ಸಕಲ ಸಂಪತ್ತಿಗೂ ತಾನೇ ಒಡೆಯನೆಂಬ ಠೀವಿಯಲ್ಲಿ ಅವನು ಎಂಟು ದಿನ ಬಸ್ಸಿನಲ್ಲಿ ಯಾರಿಗೂ ಸೀಟು ಬಿಡಲಿಲ್ಲ. ಜಾಹೀರಾತುಗಳೂ ಬಂದವು. ಅಥಣಿಚಪ್ಪಲಿಯ ಮೇಲೆ ಅಮೇರಿಕದ ಹೆಂಗಸರ ಎತ್ತರದ ಹಿಮ್ಮಡಿ ಬೂಟು. ಕಾಗವಾಡಕಬ್ಬಿನ ಮೇಲೆ ಸಕ್ಕರೆ ಕಾಯಿಲೆಯ ಔಷಧ. ನಿಪ್ಪಾಣಿಬೀಡಿಯ ಮೇಲೆ ದೊಡ್ಡ ಅಕ್ಷರದಲ್ಲಿ, ಹೊಗೆ ಬಿಡಿ, ಬಹಳ ದಿನ ಬಾಳಿ!

ಜಾಹೀರಾತು ಬಂದವು, ಜನ ಬರಲಿಲ್ಲ. ಮೊದಲ ತಿಂಗಳ ಗಳಿಕೆ ಹದಿನಾಲ್ಕು ಸೆಂಟು. ಅದರಲ್ಲಿ ಎರಡು ಕ್ಲಿಕ್ಕು, ಹೇಗಿರುತ್ತದೆ ನೋಡೋಣವೆಂದು ಜ್ಞಾನದೇವನೇ ಒತ್ತಿದ್ದು.

ಇತ್ತ ಕಬ್ಬೂರಿನಿಂದ ಸುದ್ದಿ ಬಂತು. ಚಂದ್ರಿ ಜಕ್ಕಪ್ಪನ ಹೆಂಡತಿ ಅನುಸೂಯಾಳಿಗೆ ಹಾಲು ಇಳಿಸುತ್ತಿಲ್ಲ, ಒದೆಯುತ್ತಿದೆ. ಸುಗಂಧಾ ಡೇರಿಯಿಂದ ಕೊಂಡು ತಂದ ಹಾಲಿನಲ್ಲಿ ಚಹಾ ಮಾಡಿ ಗಂಡನ ಮುಂದಿಟ್ಟಳು. ಅವನು ಒಂದು ಗುಟುಕು ಕುಡಿದು ಲೋಟ ಬದಿಗಿಟ್ಟ.

ದಸರೆ ಕಳೆದ ಮೇಲೆ ಮಗ ಲಖನನ ಜಾವಳವಿತ್ತು, ಅಂದರೆ ಹುಟ್ಟುಗೂದಲು ತೆಗೆಸುವ ಕಾರ್ಯ. ಈ ಕಡೆ ಕಾರ್ಯಕ್ಕೆ ಬಂದವರು ಆಹೇರ ಮಾಡದೆ ಊಟಕ್ಕೆ ಕೂರುವುದಿಲ್ಲ. ಗಂಡಸರಿಗೆ ಟವೆಲ್ಲು-ಟೋಪಿ, ಹೆಂಗಸರಿಗೆ ಜಂಪರಿನ ಬಟ್ಟೆ, ಇಲ್ಲವೇ ಲಕೋಟೆ. ಅವರು ನಮಗೆ ಮಾಡಿದ್ದಕ್ಕೆ ಕಡಿಮೆಯಾಗದಂತೆ ನಾವು ಅವರಿಗೆ ಮಾಡಬೇಕು. ಮೇಲೆ ಒಂದು ಇರಲೇಬೇಕು. ಐವತ್ತೊಂದು, ನೂರಾ ಒಂದು. ಸೊನ್ನೆಗೆ ಮುಗಿದರೆ ಸಂಬಂಧವೇ ಮುಗಿದಂತೆ! ಲಗ್ನಪತ್ರಿಕೆ ಅಚ್ಚು ಹಾಕುವವನ ಎದುರು ಕುಳಿತಾಗ ಜ್ಞಾನದೇವನ ತಲೆಯಲ್ಲಿ ಮಿಂಚು ಹೊಡೆಯಿತು. ಜಾವಳದ ಪತ್ರಿಕೆಯ ಕೆಳಗೆ ಹೀಗೆ ಅಚ್ಚಾಯಿತು: "ಕೃಪೆಯಿಟ್ಟು ಆಹೇರ ತರಬಾರದು. ನಿಪ್ಪಾಣಿಯಲ್ಲಿ ಸುರಜನ ಅಂಗಡಿಗೆ ಹೋಗಿ ನಮ್ಮ ಹೆಸರುಗಳ ಮೇಲೆ ಕ್ಲಿಕ್ ಮಾಡಿ ಮಗುವನ್ನು ಆಶೀರ್ವದಿಸಬೇಕು."

ಅದನ್ನು ಓದಿ ಸುಗಂಧಾ ಹಣೆ ಚಚ್ಚಿಕೊಂಡಳು. ಆದರೆ ಬೀಗರು, ನೆಂಟರು ಚಚ್ಚಿಕೊಳ್ಳಲಿಲ್ಲ. ಪತ್ರಿಕೆಯಲ್ಲಿ ಬರೆದದ್ದನ್ನು ಮೀರುವ ಮಂದಿಯೇ ಅವರು? ಕಾರ್ಯಕ್ಕೆ ಮೂರು ದಿನ ಮೊದಲೇ ರಾಯಬಾಗದಿಂದ, ಕಾಗವಾಡದಿಂದ, ಅಥಣಿಯಿಂದ ಬಸ್ಸು ಹಿಡಿದು ನಿಪ್ಪಾಣಿಗೆ ಬಂದರು. ಎಂಟು ಕಂಪ್ಯೂಟರಿನ ಮುಂದೆ ರೇಶನ್ ಅಂಗಡಿಯ ಪಾಳಿ! ಜ್ಞಾನದೇವನ ಕಾಕಾ ಆಬಾಸಾಹೇಬ ಇಲಿಯಾಕಾರದ ಆ ವಸ್ತುವನ್ನು ಮುಟ್ಟಲೊಪ್ಪದೆ ಪರದೆಯ ಗಾಜಿನ ಮೇಲೆಯೇ ಹೆಬ್ಬೆಟ್ಟು ಒತ್ತಿ ಒತ್ತಿ ಸೋತ. ಕೊನೆಗೆ ಸುರಜ ಅವನ ಕೈ ಹಿಡಿದು ನೂರಾ ಒಂದು ಪೂರ್ತಿ ಮಾಡಿಸಿದ.

ಜಕ್ಕಪ್ಪ ಮುಂಜಾನೆ ಹತ್ತಕ್ಕೆ ಕುಳಿತವನು ಸಂಜೆ ಆರಾದರೂ ಏಳಲಿಲ್ಲ. ಹುಡುಕಿಕೊಂಡು ಬಂದ ದಾಜಿ, ಅಂದರೆ ಅಕ್ಕನ ಗಂಡ ಜ್ಞಾನದೇವನೇ ಗಾಬರಿಯಾದ.

"ಸಾಕ ಏಳೋ ಜಕ್ಕಪ್ಪ, ಕೈಬೆರಳ ಬಾತಾವು!"

"ಸುಮ್ಕಿರ್ರಿ ದಾಜಿ, ಎಣಿಕಿ ತಪ್ಪತೈತಿ! ನೀವ ನಮ್ಮ ಮನಿ ವಾಸ್ತುಶಾಂತಿಗೆ ಐದನೂರಾ ಒಂದ ಆಹೇರ ಮಾಡಿದ್ರಿ. ನಾ ಹುಡಗನ ಸ್ವಾದರಮಾವ ಆಗಿ ಕಡಿಮಿ ಮಾಡಿದ್ರ ಮಂದಿ ಏನ ಅಂದಾರು? ನಾಕನೂರಾ ತೊಂಬತ್ತಾರು... ತೊಂಬತ್ತೇಳು..."

ಜಾವಳ ಸಾಂಗವಾಗಿ ಆಯಿತು. ಜಕ್ಕಪ್ಪನ ತೊಡೆಯ ಮೇಲೆ ಕುಳಿತು ಲಖನ ಊರು ಹಾರಿಹೋಗುವಂತೆ ಅತ್ತ. ಊಟದ ಪಂಕ್ತಿಯ ನಡುವೆ ಸುರಜನ ಫೋನು ಬಂತು. ಜ್ಞಾನದೇವ ಹೋಳಿಗೆಯ ಕೈಯಲ್ಲೇ ಎದ್ದು ನಿಂತು ಕೂಗಿದ.

"ಮುನ್ನೂರಾ ಮೂವತ್ತೊಂದ ಡಾಲರ್! ಹದಿನೈದ ಸಾವಿರದ ಮ್ಯಾಲಾತು! ಸುಗಂಧಾ, ಗ್ವಾದಲಿ ಸ್ವಚ್ಛ ಮಾಡು, ಚಂದ್ರಿ ಬರತಾಳ!"

ಪಂಕ್ತಿಯೆಲ್ಲ ಚಪ್ಪಾಳೆ ತಟ್ಟಿತು. ಎಂದೂ ನಾಲ್ಕು ಜನರ ಎದುರು ಗಂಡನ ಕಡೆ ನೋಡದ ಸುಗಂಧಾ ಅಂದು ಎಲ್ಲರ ಎದುರಿಗೇ ಅವನನ್ನು ನೋಡಿ ನಕ್ಕಳು. ಆ ಸಂಜೆಯೇ ಚಂದ್ರಿಯ ಮೇವಿನ ಗೋದಲಿ ತೊಳೆದು ಸುಣ್ಣ ಬಳಿದಳು.

ಮರುದಿನ ಸುರಜನ ಕಂಪ್ಯೂಟರಿಗೆ ಕಂಪನಿಯ ಪತ್ರ ಬಂತು. ನಿಮ್ಮ ಕ್ಲಿಕ್ಕುಗಳು ಸಾಚಾ ಅಲ್ಲ, ಅವನ್ನು ನಾವು ಸ್ವೀಕರಿಸುವುದಿಲ್ಲ, ಖಾತೆ ಮುಚ್ಚಿದ್ದೇವೆ, ಬಾಕಿ ಸೊನ್ನೆ.

"ಎಲ್ಲಾರೂ ಒಂದ ಅಂಗಡ್ಯಾಗ ಕುಂತ ಒತ್ಯಾರ. ಒತ್ತಿದ್ದೂ ಹೆಂಗ? ಐವತ್ತೊಂದು, ನೂರಾ ಒಂದು, ಐದನೂರಾ ಒಂದು!" ಎಂದ ಸುರಜ. "ಮನಷ್ಯಾ ಯಾರೂ ಹಿಂಗ ಲೆಕ್ಕ ಹಚ್ಚಿ ಒತ್ತೂದಿಲ್ಲ, ಇದು ಮಷೀನಿನ ಕೆಲಸಾ ಅಂತ ಅವರು ತಿಳಕೊಂಡಾರ."

"ನಿನಗ ಮೊದಲ ಗೊತ್ತಿರಲಿಲ್ಲೇನ?"

"ನಿಯಮ ಓದಿದ್ನಿರಿ. ಖರೆ ಎಂಟೂ ಕಂಪ್ಯೂಟರ್ ತುಂಬಿದ್ದ ನೋಡಿ ಮರತ ಬಿಟ್ಟೆ."

ಸುದ್ದಿ ಬೆಂಕಿಯಂತೆ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಅದರ ರೂಪವೂ ಬದಲಾಯಿತು. ಕಂಪನಿ ಕ್ಲಿಕ್ಕು ಒಪ್ಪಲಿಲ್ಲ ಎಂಬುದು ಹೋಗಿ, ಜ್ಞಾನದೇವನ ಮನೆಯಲ್ಲಿ ನಮ್ಮ ಆಹೇರ ಒಲ್ಲೆ ಎಂದರು ಎಂದಾಯಿತು. ಒಬ್ಬರು ಮಾಡಿದ ಆಹೇರ ತಿರುಗಿ ಕಳಿಸುವುದೆಂದರೆ ಸಣ್ಣ ಅವಮಾನವೇ? ಆಬಾಸಾಹೇಬ ಕಾಕಾ ಫೋನಿನಲ್ಲಿ ಗುಡುಗಿದ.

"ಲೇ, ಹೆಬ್ಬಟ್ಟ ಸವಸಿ ನೂರಾ ಒಂದ ಒತ್ತೀನಿ. ಸಾಚಾ ಅಲ್ಲ ಅಂತೀಯಾ? ನಾ ಎಂದರ ಖೋಟಾ ಆಹೇರ ಮಾಡೇನೇನ?"

"ನಾ ಅಲ್ಲೋ ಕಾಕಾ, ಅಮೇರಿಕಾದವರು..."

"ನಿನ್ನ ಮಗನ ಜಾವಳದಾಗ ಅಮೇರಿಕಾದವರ ಯಾಕ ಬಾಯಿ ಹಾಕತಾರ?"

ಜ್ಞಾನದೇವ ಫೋನು ಕೆಳಗಿಟ್ಟ. ಎಲ್ಲರಿಗೂ ಗೊತ್ತಾದರೂ ಸುಗಂಧಾಳಿಗೆ ಹೇಳುವ ಧೈರ್ಯ ಮಾತ್ರ ಅವನಿಗಾಗಲಿಲ್ಲ. ಸುಣ್ಣ ಬಳಿದ ಆ ಗೋದಲಿ ಕಣ್ಣಿಗೆ ಬೀಳದಂತೆ ಸುತ್ತು ಹಾಕಿ ಓಡಾಡಿದ. ಹಾಗೇ ದಿನ ದೂಡಿ ದೂಡಿ ಪಾಡ್ಯ ಬಂದೇಬಿಟ್ಟಿತು.

ಮುಂಜಾನೆ ಎಣ್ಣೆನೀರು ಹಾಕಿಸಿಕೊಂಡು ಮಣೆಯ ಮೇಲೆ ಕುಳಿತ. ಸುಗಂಧಾ ಹೊಸ ಸೀರೆಯುಟ್ಟು ಅವನಿಗೆ ಆರತಿ ಬೆಳಗಿದಳು. ಆರತಿ ಮಾಡಿದ ಹೆಂಡತಿಯ ತಟ್ಟೆಯಲ್ಲಿ ಗಂಡ ಏನಾದರೂ ಹಾಕಲೇಬೇಕು. ಜ್ಞಾನದೇವ ಕಿಸೆಯಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದು ಹಾಕಿದ.

"ಏನ್ರಿ ಇದು?"

"ಮೂವತ್ತ ಹೆಸರು. ಅವಷ್ಟ ಉಳದಾವು. ರೊಕ್ಕ ಬರಲಿಲ್ಲ, ಸುಗಂಧಾ. ಚಂದ್ರಿ ಹೋದಳು. ನಂದ ತಪ್ಪು."

"ಹನ್ನೆರಡ ದಿನದಿಂದ ಗೊತ್ತೈತ್ರಿ ನನಗ. ನೀವ ಹೇಳತೀರೇನ ಅಂತ ಕಾದಿದ್ನಿ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾನೂ ಹೋಗಿ ಒತ್ತಿದ್ನಿ. ಹನ್ನೊಂದು. ನಂಬಿಗಿ ಇತ್ತು ಅಂತ ಅಲ್ಲ. ಮಂದಿಯೆಲ್ಲಾ ನಿಮ್ಮ ಸಲವಾಗಿ ಒತ್ತಾಕತ್ತಿದ್ರು, ಹೆಂಡತಿಯಾಗಿ ನಾ ಹೆಂಗ ಸುಮ್ಕ ಕುಂಡ್ರಲಿ? ಖರೆ, ಇಷ್ಟ ಹೆಸರ ತಗೊಂಡ ನಾ ಏನ ಮಾಡ್ಲಿ ಹೇಳ್ರಿ? ಕರದ್ರ ಹೊಳ್ಳಿ ನೋಡೂ ಅಂಥಾದ್ದ ಒಂದರ ಐತೇನ ಇದರಾಗ?"

ಜ್ಞಾನದೇವ ತಲೆ ತಗ್ಗಿಸಿದ. ಅಷ್ಟರಲ್ಲಿ ಅಂಗಳದ ಮುಂದೆ ಟೆಂಪೋ ನಿಂತ ಸದ್ದು. ಆಮೇಲೆ ಓಣಿಗೆಲ್ಲ ಕೇಳುವಂಥ ಒಂದು ಕೂಗು. ಅದು ಮನುಷ್ಯರ ಕೂಗಲ್ಲ! ಸುಗಂಧಾ ತಟ್ಟೆಯನ್ನು ಗಂಡನ ಕೈಗೆ ತುರುಕಿ ಓಡಿದಳು. ಅವನೂ ತಟ್ಟೆ ಹಿಡಿದುಕೊಂಡೇ ಹಿಂದೆ ಬಂದ. ದೀಪ ಗಾಳಿಗೆ ಆರಿತು.

ಕೊಂಬಿಗೆ ಬಣ್ಣ, ಕೊರಳಿಗೆ ಗೊಂಡೆ, ಮದುಮಗಳಂತೆ ಚಂದ್ರಿ ನಿಂತಿತ್ತು. ಹಗ್ಗ ಜಕ್ಕಪ್ಪನ ಕೈಯಲ್ಲಿತ್ತು.

"ದಾಜಿ, ನನ್ನ ತೊಡಿ ಮ್ಯಾಲ ಹುಡಗನ ಜಾವಳ ಆತು. ಸ್ವಾದರಮಾವನ ಆಹೇರಾನ ಒಲ್ಲೆ ಅಂದ್ರ ಜಾವಳ ಅರ್ಧಕ್ಕ ನಿಂತಂಗಲ್ಲೇನ್ರಿ? ಅದಕ್ಕ ಇಕಾ, ಇದು ಲಖನಗ ನನ್ನ ಆಹೇರ. ಇದನ್ನ ಯಾವ ಕಂಪನಿ ಒಲ್ಲೆ ಅಂತೈತಿ ನೋಡೂಣು!" ಎಂದವನು ದನಿ ತಗ್ಗಿಸಿ ಅಕ್ಕನಿಗೆ ಹೇಳಿದ, "ಅಥಣಿ ದಲಾಲಿ ನಿನ್ನೇನ ಬಂದಿದ್ದ ಅಕ್ಕಾ. ಅವನಿಗೂ ಒದ್ದಳು. ಅನುಸೂಯಾನ ಮೊಣಕಾಲಂತೂ ಕೇಳಬ್ಯಾಡ."

ಸುಗಂಧಾ ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಚಂದ್ರಿಯ ಕೊರಳಿಗೆ ಜೋತು ಬಿದ್ದು ಅಳುತ್ತಿದ್ದಳು, ನಗುತ್ತಿದ್ದಳು. ಜಕ್ಕಪ್ಪನ ಕಣ್ಣೂ ತುಂಬಿತು. ಜ್ಞಾನದೇವನಂತೂ ಆರತಿತಟ್ಟೆ ಹಿಡಿದು ಕಣ್ಣು ಮಂಜಾಗಿ ನಿಂತಿದ್ದ. ಆ ಮಂಜಿನಲ್ಲಿ ಒಂದು ಕಪ್ಪು ಮೂತಿ ಮುಂದಕ್ಕೆ ಚಾಚಿದ್ದು ಅವನಿಗೆ ಕಾಣಲಿಲ್ಲ. ಕಂಡಾಗ ತಟ್ಟೆಯಲ್ಲಿ ಕುಂಕುಮವಷ್ಟೇ ಉಳಿದಿತ್ತು.

"ಏ, ಏ! ಹಾಳಿ! ನನ್ನ ಮೂವತ್ತೂ ಹೆಸರ ತಿಂದಳೋ!"

ಚಂದ್ರಿ ಕಣ್ಣು ಅರ್ಧ ಮುಚ್ಚಿ ಅಗಿಯುತ್ತಿತ್ತು. ಸುಗಂಧಾ ಕಣ್ಣೊರೆಸಿಕೊಂಡು ಗಂಡನ ಕೈ ಹಿಡಿದು ತಡೆದಳು.

"ಬಿಡ್ರಿ, ತಿನ್ನಲಿ. ನಿಮ್ಮ ಡಾಟ್ ಕಾಮಿನಿಂದ ಒಬ್ಬರದರ ಹೊಟ್ಟಿ ತುಂಬಲಿ!"