ದೃಷ್ಟಿಪಟಿಕ ಬಿದ್ದ ನೀರು

ಕ್ಯಾನಿನ ನೀರು ನಮ್ಮ ಮನೆಯ ಹೊಸ್ತಿಲು ದಾಟಕೂಡದು ಎಂದು ನಾನು ಹಟ ಹಿಡಿದದ್ದು, ಮಗಳನ್ನು ನೋಡಲು ಚಿಪ್ಪಗಿರಿಯಿಂದ ಗಂಡಿನವರು ಬರುವ ದಿನವೇ. ಆಂಧ್ರದ ಗಡಿಯ ನಮ್ಮ ಆಲೂರಿನ ನಲ್ಲಿಯಲ್ಲಿ ಕಾಲುವೆ ನೀರು ಸ್ವಲ್ಪ ಕೆಂಪಗೆ ಬಂದಿತ್ತು, ಅಷ್ಟೇ. ಪಟಿಕ ಆಡಿಸಿ, ಕೆಸರು ತಳ ಸೇರಿದ ಮೇಲೆ ತಿಳಿನೀರು ಬಗ್ಗಿಸಿಕೊಂಡರೆ ಮುಗಿಯಿತು. ನೀರು ಶುದ್ಧ ಮಾಡುವುದು ನನಗೇನು ಬಾರದ ವಿದ್ಯೆಯೇ?

ಅಂಗಡಿಗೆ ಹೋಗಲು ಹೊತ್ತಿರಲಿಲ್ಲ. ಕೆಟ್ಟ ಕಣ್ಣು ತಾಗದಿರಲೆಂದು ಹೆಂಡತಿ ತಲೆಬಾಗಿಲಿಗೆ ಕರಿದಾರದಲ್ಲಿ ಪಟಿಕ ಕಟ್ಟಿದ್ದಳು. ಅದನ್ನೇ ಬಿಚ್ಚಿ, ತೊಳೆದು, ಡ್ರಮ್ಮಿನಲ್ಲಿ ಗರಗರ ಆಡಿಸಿದೆ. ಸ್ವಲ್ಪ ಹೊತ್ತಿಗೆ ನೀರು ತಿಳಿಯಾಯಿತು. ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ನೀರು ನೋಡಲಿಲ್ಲ, ನನ್ನ ಕೈಯಲ್ಲಿದ್ದ ಕರಿದಾರ ನೋಡಿದಳು.

“ಓಣಿ ಮಂದಿ ಕಣ್ಣೆಲ್ಲಾ ಅದ್ರಾಗ ಐತಿ. ಅದನ್ನ ಬೀಗರಾಗೋರಿಗೆ ಕುಡಿಸ್ತೀರೇನು?”

ಚೆಲ್ಲಿ ಎಂದಳು. ಸತ್ತರೂ ಚೆಲ್ಲುವುದಿಲ್ಲ ಎಂದೆ. ಪಕ್ಕದ ಮನೆಯ ಈರಮ್ಮ ಗಲಾಟೆ ಕೇಳಿ ಬಂದವಳು, ತನ್ನ ಕಣ್ಣೂ ಆ ಲೆಕ್ಕದಲ್ಲಿದೆ ಎಂದು ತಿಳಿದು ಮುಖ ಊದಿಸಿಕೊಂಡು ಹೋದಳು. ನಾನು ವೈಜ್ಞಾನಿಕವಾಗಿ ವಿಚಾರ ಮಾಡಿದೆ. ಕ್ರಿಮಿಗಳನ್ನೇ ಕೊಲ್ಲುವ ಬ್ಲೀಚಿಂಗ್ ಪೌಡರಿಗೆ ಕೆಟ್ಟ ಕಣ್ಣು ಯಾವ ಮಹಾ? ನೀರಿಗಾದರೆ ಚಿಟಿಕೆ ಸಾಕಿತ್ತು. ಆದರೆ ಕಣ್ಣು ಇಡೀ ಓಣಿಯದು! ಹಿಡಿ ತುಂಬ ಸುರಿದೆ.

ಗಂಡಿನವರು ಬಂದರು. ನಮ್ಮಲ್ಲಿ ಬಂದವರಿಗೆ ಮೊದಲು ಚೊಂಬು ನೀರು. ಅದನ್ನು ಕುಡಿಯದವರು ಸಂಬಂಧದ ಮಾತೆತ್ತುವುದಿಲ್ಲ. ಮಗಳಿಗೋ ಹುಡುಗ ಫೋಟೊದಲ್ಲೇ ಹಿಡಿಸಿಬಿಟ್ಟಿದ್ದ. ಹುಡುಗನ ಸೋದರಮಾವ ಚೊಂಬನ್ನು ಮೂಗಿನ ತನಕ ಎತ್ತಿ ಕೆಳಗಿಟ್ಟ. ಆಸ್ಪತ್ರೆ ವಾಸನೆ ಎಂದು ತೆಲುಗಿನಲ್ಲಿ ಗೊಣಗಿ ಎದ್ದೇ ನಿಂತ. ಮಗಳ ಮುಖ ಬಾಡಿತು. ನನಗೆ ರೇಗಿತು. ಅದೇ ಚೊಂಬೆತ್ತಿ ಅವರೆದುರೇ ಗಟಗಟ ಕುಡಿದೆ.

“ನೋಡ್ರಿ, ಏನೂ ಆಗಂಗಿಲ್ಲ,” ಎಂದೆ.

ಆಯಿತು. ಗಂಟಲು ಉರಿದು, ಹೊಟ್ಟೆ ತೊಳಸಿ, ಹಿತ್ತಲಿಗೆ ಓಡಿದೆ. ಅಲ್ಲಿಂದಲೇ ಮಗಳ ದನಿ ಕೇಳಿಸಿತು.

“ಹಟ ನಮ್ಮಪ್ಪಂದು, ನಂದಲ್ರಿ. ಬ್ಯಾರೆ ನೀರು ತರ್ತೀನಿ, ಕುಂದರ್ರಿ.”

ಆಕೆ ಈರಮ್ಮನ ಮನೆಗೆ ಹೋಗಿ, ನಮ್ಮ ಪರವಾಗಿ ಕೈಮುಗಿದು ಒಂದು ಕೊಡ ತಂದಳಂತೆ. ನಾನು ಗೋಡೆ ಹಿಡಿದುಕೊಂಡು ಒಳಬಂದಾಗ ಸೋದರಮಾವ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ.

“ಪಿಲ್ಲ, ಈ ಹುಡುಗಿ, ನಮಗ ಒಪ್ಪಿಗಿ ಐತ್ರಿ. ಲಗ್ನದಾಗ ನೀರಿನ ಹತ್ರ ಮಾತ್ರ ನೀವು ಸುಳೀಬ್ಯಾಡ್ರಿ.”

ಸೋತವನಂತೆ ತಲೆ ತಗ್ಗಿಸುವ ಜಾಯಮಾನ ನನ್ನದಲ್ಲ. ತಲೆ ಎತ್ತಿಯೇ ಒಪ್ಪಿದೆ. ತಗ್ಗಿಸಿದರೆ ಮತ್ತೆ ವಾಂತಿ ಬರುವಂತಿತ್ತು.