ರೊಟ್ಟಿ ಎಣಿಸುವ ಬೋರ್ಡು

ಖಾನಾವಳಿ ಇಟ್ಟವನ ಬಾಳಿನಲ್ಲಿ ನಗೆಪಾಟಲಿಗೆ ಬರವಿಲ್ಲ. ಬರವೇನಿದ್ದರೂ ಗಲ್ಲಾಪೆಟ್ಟಿಗೆಗೆ. ನಾನೂ ನನ್ನ ಹೆಂಡತಿಯೂ ಗದಗಿನಿಂದ ಬಂದು ಕೆಂಪಾಪುರದಲ್ಲಿ ಜೋಳದ ರೊಟ್ಟಿ ಊಟ ಹಾಕಲು ಶುರುಮಾಡಿ ಒಂಬತ್ತು ವರ್ಷವಾಯಿತು. ಒಂದೇ ರೇಟು, ಹೊಟ್ಟೆ ತುಂಬುವಷ್ಟು ರೊಟ್ಟಿ. ಈಗ ಜೋಳ ತುಟ್ಟಿ, ಸಿಲಿಂಡರ್ ತುಟ್ಟಿ, ಬಾಡಿಗೆಯ ಮಾತೇ ಬೇಡ. ಯುಗಾದಿಯೊಳಗೆ ಏನಾದರೂ ಮಾಡದಿದ್ದರೆ ಬಾಗಿಲು ಹಾಕುವುದೇ ಗತಿ ಎಂದು ನನಗೆ ಖಾತ್ರಿಯಾಗಿತ್ತು.

"ಮೂರ ರೊಟ್ಟಿ ಅಂತ ಬೋರ್ಡ್ ಹಾಕೂಣೇನು?" ಎಂದೆ.

ಹೆಂಡತಿ ಹಿಟ್ಟಿನಿಂದ ಕೈ ತೆಗೆಯಲಿಲ್ಲ. "ಉಣ್ಣೋರ ರೊಟ್ಟಿ ಎಣಸೂದಾದ್ರ ಇವತ್ತ ಬಾಗ್ಲಾ ಹಾಕ್ರಿ, ಊರಿಗೆ ಹೋಗೂಣು" ಅಂದಳು.

ಇಂಥ ಹೊತ್ತಿನಲ್ಲೇ ಪರದೇಶದವರು ನಮ್ಮ ಬಾಗಿಲಿಗೆ ಬರತೊಡಗಿದರು.

ನೀರಿಗೆಷ್ಟು?

ಮೊದಲು ಬಂದವರು ಹತ್ತಿರದ ಕಾಲೇಜಿಗೆ ಪಾಠ ಹೇಳಲು ಬಂದಿದ್ದ ಡೆನ್ಮಾರ್ಕಿನ ಮೇಡಂ. ರೊಟ್ಟಿ ಮುರಿಯುವ ಮೊದಲು ನೀರಿನ ಜಗ್ಗು ತೋರಿಸಿ ಇದಕ್ಕೆಷ್ಟು ಎಂದರು. ಫ್ರೀ ಎಂದೆ. ಶೇಂಗಾ ಚಟ್ನಿಗೆ? ಫ್ರೀ. ಈರುಳ್ಳಿಗೆ? ಅದೂ ಫ್ರೀ. ಮೇಡಂ ಮುಖದಲ್ಲಿ ಅನುಮಾನ ಮೂಡಿತು, ನಾನೇನೋ ಮೋಸ ಮಾಡುತ್ತಿದ್ದೇನೆ ಎಂಬಂತೆ. ಅವರ ದೇಶದ ಹೋಟೆಲುಗಳಲ್ಲಿ ನಲ್ಲಿ ನೀರಿಗೂ ಬಿಲ್ಲು ಹಾಕುತ್ತಾರಂತೆ.

ಇದನ್ನು ಕಟ್ಟಡದ ಯಜಮಾನರು ಪಕ್ಕದ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರು. ಕೆಂಪಾಪುರದ ಹಳೇ ಮನೆತನದವರು, ದಿನಾ ನಮ್ಮಲ್ಲಿ ಒಂದು ಲೋಟ ಮಜ್ಜಿಗೆ ಪುಕ್ಕಟೆ ಕುಡಿಯಲು ಬರುವವರು.

"ನಲ್ಲಿ ನೀರ್ಗೂ ಕಾಸಾ? ನೋಡಪ್ಪಾ, ದೇಶ ಅಂದ್ರೆ ಅಂಗಿರ್ಬೇಕು. ನೀನ್ ಇಂಗೆ ಪುಕ್ಕಟೆ ಕೊಡ್ತಾ ಕೂತ್ರೆ ಉದ್ಧಾರ ಆದಂಗೆ" ಎಂದು ತಲೆ ಅಲ್ಲಾಡಿಸಿ ಹೋದರು.

ಮುಂದಿನ ತಿಂಗಳಿನಿಂದ ನಮ್ಮ ಖಾನಾವಳಿಯಲ್ಲೂ ನೀರಿಗೆ ದುಡ್ಡು ಶುರುವಾಯಿತು. ತೆಗೆದುಕೊಳ್ಳುವವರು ಯಜಮಾನರು, ಕೊಡುವವನು ನಾನು.

ಒಂದೇ ತಾಟು

ಆಮೇಲೆ ಇಥಿಯೋಪಿಯಾದ ನಾಲ್ಕು ಜನ ವಿದ್ಯಾರ್ಥಿಗಳು ಬಂದರು. ಒಂದು ಊಟ ಹೇಳಿದರು. ತಾಟು ಬಂದ ಕೂಡಲೇ ನಾಲ್ವರೂ ಅದರ ಸುತ್ತ ಕೂತು ಕೈ ಹಾಕಿದರು. ಅವರಲ್ಲಿ ಒಂದೇ ತಾಟಿನಲ್ಲಿ ಎಲ್ಲರೂ ಉಣ್ಣುವುದು ಪದ್ಧತಿ, ಒಬ್ಬೊಬ್ಬರೇ ಬೇರೆ ತಟ್ಟೆ ಹಿಡಿದು ಕೂತರೆ ಜಗಳವಾಡಿದಂತೆ ಕಾಣುತ್ತದಂತೆ. ಒಬ್ಬ ತುತ್ತು ಮಾಡಿ ಇನ್ನೊಬ್ಬನ ಬಾಯಿಗೂ ಇಟ್ಟ.

ಹೆಂಡತಿ ಒಲೆ ಬಿಟ್ಟು ನೋಡಲು ಬಂದಳು. "ಎಷ್ಟ ಚಂದ ಉಣ್ಣಾಕತ್ತಾರ ನೋಡ್ರಿ" ಎಂದು ರೊಟ್ಟಿಯ ಮೇಲೆ ರೊಟ್ಟಿ ಹಾಕಿದಳು. ಹತ್ತರ ನಂತರ ನಾನು ಎಣಿಸುವುದನ್ನು ಬಿಟ್ಟೆ, ಹೊಟ್ಟೆ ಉರಿಯುತ್ತದೆಂದು. ಆದರೆ ಆ ಹುಡುಗರು ಏಳುವಾಗ ತಾವಾಗಿಯೇ ನಾಲ್ಕು ಊಟದ ದುಡ್ಡು ಕೊಟ್ಟರು. ತಾಟು ಒಂದಾದರೂ ಹೊಟ್ಟೆ ನಾಲ್ಕಲ್ಲವೇ ಎಂದರು. ನನಗೆ ನಾಚಿಕೆಯಾಯಿತು.

ಇದೆಲ್ಲವನ್ನೂ ನಮ್ಮ ಗದಗಿನ ಕಡೆಯ ಆರು ಜನ ಬ್ಯಾಚುಲರ್‌ಗಳು ಮೂಲೆಯಲ್ಲಿ ಕೂತು ನೋಡಿದ್ದರು. ಮರುದಿನ ಬಂದವರು ಬೆಂಚು ಜೋಡಿಸಿಕೊಂಡು, "ಕಾಕಾ, ಒಂದ ಊಟ ಕೊಡ್ರಿ. ನಾವೂ ಅಣ್ಣತಮ್ಮಂದಿರಿದ್ಹಂಗ" ಅಂದರು. ದುಡ್ಡು ಕೊಡುವಾಗ ಮಾತ್ರ ಅವರಿಗೆ ಆ ದೇಶದ ಪದ್ಧತಿ ನೆನಪಾಗಲಿಲ್ಲ.

ಖಾಲಿ ತಾಟು

ಯಲಹಂಕದ ಕಡೆಯ ಕಂಪನಿಯೊಂದಕ್ಕೆ ಬಂದಿದ್ದ ಜರ್ಮನಿಯ ಇಂಜಿನಿಯರನ್ನು ಅವರ ಕಾರಿನ ಡ್ರೈವರ್ ಒಂದು ಮಧ್ಯಾಹ್ನ ಕರೆತಂದ. ಡ್ರೈವರ್ ಹುಣಸಮಾರನಹಳ್ಳಿಯವನು, ನಮ್ಮ ಹಳೇ ಗಿರಾಕಿ.

ಇಂಜಿನಿಯರ್ ಎರಡು ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ ಎಲ್ಲವನ್ನೂ ಬಳಿದು ಉಂಡರು. ತಾಟು ತೊಳೆದಿಟ್ಟಂತೆ ಖಾಲಿಯಾಯಿತು. ನಮ್ಮ ಕಡೆ ಉಣ್ಣುವವರ ತಾಟು ಖಾಲಿ ಕಂಡರೆ ಬಡಿಸುವವರ ಮಾನ ಹೋಯಿತು. ಹೆಂಡತಿ ಮೂರನೆಯದನ್ನು ಹಾಕಿದಳು. ಅದನ್ನೂ ಮುಗಿಸಿದರು, ಇನ್ನೊಂದು ಹಾಕಿದಳು. ಆರನೆಯದಕ್ಕೆ ಅವರು ಬೆಲ್ಟ್ ಸಡಿಲಿಸಿದರು. "ಪಾಪ, ಎಷ್ಟ ದಿನದ ಹಸಿವ್ಯೋ" ಎಂದು ಹೆಂಡತಿ ಮರುಗಿದಳು. ಎಂಟನೆಯದಕ್ಕೆ ಅವಳಿಗೆ ಎರಡೂ ಕೈ ಜೋಡಿಸಿದರು. ನಮಸ್ಕಾರ ಮಾಡಿದರೆಂದು ಅವಳು ಒಂಬತ್ತನೆಯದನ್ನು ಬೆಣ್ಣೆ ಹಚ್ಚಿ ಹಾಕಿದಳು.

ಆಗ ಇಂಜಿನಿಯರ್ ಸಣ್ಣ ದನಿಯಲ್ಲಿ ಡ್ರೈವರಿಗೆ ಏನೋ ಹೇಳಿದರು.

"ಅಣ್ಣೋ, ನಿಲ್ಸಣ್ಣ" ಅಂದ ಡ್ರೈವರ್. "ಅವ್ರ್ ಮನೇಲಿ ತಟ್ಟೇಲಿ ಬಿಟ್ರೆ ಅಡ್ಗೆ ಮಾಡ್ದೋರ್ಗೆ ಅವಮಾನ ಅಂತೆ. ಅದ್ಕೇ ಖಾಲಿ ಮಾಡ್ತಾವ್ರೆ. ನೀವ್ ಖಾಲಿ ಆಯ್ತು ಅಂತ ಇನ್ನೂ ಆಕ್ತಾ ಇದ್ದೀರ. ಮೂರ್ನೇದಕ್ಕೇ ಒಟ್ಟೆ ತುಂಬೋಗಿತ್ತಂತೆ."

"ಮೊದಲ ಹೇಳಬಾರದೇನಪಾ?"

"ನಾನೂ ಉಣ್ತಾ ಇದ್ನಲ್ಲಣ್ಣ."

ಸಾಕಾದರೆ ತಾಟಿಗೆ ಕೈ ಅಡ್ಡ ಹಿಡಿಯಬೇಕು ಎಂದು ನಾನೇ ಅವರಿಗೆ ಕಲಿಸಿಕೊಟ್ಟೆ. ಅವರು ಗೋಡೆ ಹಿಡಿದುಕೊಂಡು ಕಾರಿನವರೆಗೆ ನಡೆದರು.

ಕೊನೆಗೂ ಬೋರ್ಡು

ಆ ವಾರವೇ ಹೆಂಡತಿಯ ಮಣಿಕಟ್ಟು ಬಾತುಕೊಂಡಿತು. ಒಂಬತ್ತು ವರ್ಷ ರೊಟ್ಟಿ ಬಡಿದ ಕೈ. ಬಿಸಿನೀರಲ್ಲಿ ಅದ್ದಿಕೊಂಡು ಕೂತವಳು, ನನ್ನ ಮುಖ ನೋಡದೆ, "ಹಾಕ್ರಿ ಬೋರ್ಡ್" ಅಂದಳು. ನಾನು ಗೆದ್ದೆ ಅಂತ ಒಂದಿಷ್ಟೂ ಅನಿಸಲಿಲ್ಲ. ಸಂಕಟವಾಯಿತು.

"ಊಟಕ್ಕೆ ಮೂರು ರೊಟ್ಟಿ ಮಾತ್ರ" ಎಂದು ಕೆಂಪಕ್ಷರದಲ್ಲಿ ಬರೆಸಿ ಎದುರು ಗೋಡೆಗೆ ಹಾಕಿದೆ. ಗಿರಾಕಿಗಳು ಓದಿದರು, ಅಕ್ಷರ ಚೆನ್ನಾಗಿದೆ ಅಂದರು, ನಾಲ್ಕನೆಯದನ್ನು ಕೇಳಿದರು. ಬೋರ್ಡು ತೋರಿಸಿದರೆ, "ಅದು ಹೊಸಬರಿಗೆ ಅಲ್ಲೇನ್ರಿ?" ಯಜಮಾನರು ಮಜ್ಜಿಗೆಯ ಜೊತೆ ಒಂದು ರೊಟ್ಟಿಯನ್ನೂ ಶುರುಮಾಡಿದರು, ಮೂರರೊಳಗೇ ಇದೆಯಲ್ಲ ಎಂದು. ಇವೆಲ್ಲದರ ಮೇಲೆ ಕೈಗೆ ಪಟ್ಟಿ ಕಟ್ಟಿಕೊಂಡ ಹೆಂಡತಿಯೇ ಕೇಳದವರಿಗೂ ನಾಲ್ಕನೆಯದನ್ನು ಹಾಕುತ್ತಿದ್ದಳು.

"ಬೋರ್ಡ್ ಹಾಕ್ರಿ ಅಂದಾಕಿ ನೀನ ಅಲ್ಲೇನು?" ಎಂದೆ.

"ಅದನ್ನ ಗ್ವಾಡಿಗೆ ಹಾಕೀರಿ. ನನ್ನ ಕೈಗೆ ಹಾಕಿಲ್ಲ."

ಯುಗಾದಿಗೆ ಇನ್ನು ಎರಡು ತಿಂಗಳು. ಇನ್ನು ಈ ಖಾನಾವಳಿ ಉಳಿಯುವುದಿಲ್ಲ ಎಂದು ಗಲ್ಲಾದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಜರ್ಮನಿಯ ಇಂಜಿನಿಯರ್ ಮತ್ತೆ ಬಂದರು. ಬೋರ್ಡಿಗೆ ಮೊಬೈಲು ಹಿಡಿದು, ಅದು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಎರಡು ಸಲ ಓದಿಕೊಂಡರು. ಮೂರು ರೊಟ್ಟಿ ಉಂಡರು. ಹೆಂಡತಿ ನಾಲ್ಕನೆಯದನ್ನು ತಂದಾಗ ಎರಡೂ ಕೈಯನ್ನು ತಾಟಿನ ಮೇಲೆ ಅಗಲವಾಗಿ ಹರಡಿ, ಬೋರ್ಡಿನ ಕಡೆ ಗದ್ದ ಎತ್ತಿ ತೋರಿಸಿದರು. ಅವಳು ರೊಟ್ಟಿಯನ್ನು ವಾಪಸು ಒಲೆಯ ಕಡೆ ಒಯ್ದಳು.

ಇವತ್ತಿನವರೆಗೆ ನನ್ನ ಕನ್ನಡ ಬೋರ್ಡಿನ ಮಾತು ಕೇಳಿದವರು ಅವರೊಬ್ಬರೇ. ಅವರಿಗೆ ಕನ್ನಡ ಓದಲು ಬರುವುದಿಲ್ಲ.